ಅಜ್ಜಿಯ ಸಂಜೆಯೂಟಕ್ಕೆ ಅಡ್ಡ ಬಂದ ಬೆಳಕು

ನನ್ನ ತವರಿನಲ್ಲಿ ರಾತ್ರಿಯೂಟ ಎಂಬ ಮಾತೇ ಇರಲಿಲ್ಲ. ಇದ್ದದ್ದು ಸಂಜೆಯೂಟ. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಉಂಡು, ಕೈತೊಳೆದು, ಎಲೆ ಎತ್ತಿ ಆಗಿರಬೇಕು. ದೀಪದ ಬೆಳಕಿನಲ್ಲಿ ತುತ್ತೆತ್ತಿದರೆ ಅದರೊಳಗೆ ಯಾವ ಹುಳ ಬಿದ್ದಿತ್ತೋ, ಯಾವ ಜೀವಕ್ಕೆ ನೋವಾಯಿತೋ ಎಂದು ಹಿರಿಯರು ಹಾಕಿಕೊಟ್ಟ ಕ್ರಮ. ಹೊಸನಗರ ಪೇಟೆಯಿಂದ ಸ್ವಲ್ಪ ಆಚೆಗೆ ನಮ್ಮ ಮನೆ. ಅದರ ಜಗಲಿ ಪಡುವಣಕ್ಕೆ ಮುಖ ಮಾಡಿತ್ತು. ಎದುರಿಗೆ ಗುಡ್ಡ. ಸೂರ್ಯ ಆ ಗುಡ್ಡದ ನೆತ್ತಿಗೆ ಗಲ್ಲ ಊರಿದನೆಂದರೆ ನಮ್ಮ ಮನೆಯ ಅಡುಗೆಮನೆಗೆ ಆ ದಿನದ ಮಟ್ಟಿಗೆ ರಜೆ.

ಕಟ್ಟುನಿಟ್ಟಿನವರು ಎರಡು ಗಳಿಗೆ ಮುಂಚೆಯೇ ಕೈತೊಳೆದು ಏಳುತ್ತಾರೆ. ನಮ್ಮಜ್ಜಿ, ಎಂದರೆ ಅಪ್ಪನ ತಾಯಿ, ನೇಮದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಊಟದಲ್ಲಿ ಅವಸರ ಮಾಡುವವಳೂ ಅಲ್ಲ. ಅಂಗಳದಾಚೆಯ ಕೊಟ್ಟಿಗೆ ಮಾಡಿನ ನೆರಳು ಬಾವಿಕಟ್ಟೆಯನ್ನು ಮುಟ್ಟಿತೋ, ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಎಲೆಯ ಮುಂದೆ ಕೂತಳು. ಒಂದೆಲಗದ ತಂಬುಳಿ, ಬಾಳೆಕಾಯಿ ಪಲ್ಯ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ಕೊನೆಗೆ ಮಜ್ಜಿಗೆಯನ್ನ. ಹಪ್ಪಳವನ್ನು ಅವಳು ಚೂರು ಚೂರಾಗಿ ಮುರಿದು, ಒಂದೊಂದು ತುತ್ತಿಗೆ ಒಂದೊಂದು ಚೂರಿನಂತೆ ಹಂಚಿಕೊಂಡು ತಿನ್ನುವಳು. ಕೊನೆಯ ತುತ್ತು ಬಾಯಿಗೆ ಹೋಗುವುದಕ್ಕೂ ಸೂರ್ಯನ ಕೊನೆಯ ಅಂಚು ಗುಡ್ಡದ ಹಿಂದೆ ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಮೋಡ ಮುಚ್ಚಿದ ದಿನ ಮಾತ್ರ ಸಂಜೆಮಲ್ಲಿಗೆ ಅರಳುವುದನ್ನು ನೋಡಿಕೊಂಡು ಬೇಗ ಮುಗಿಸುವಳು. ಮದುವೆಯಾಗಿ ಆ ಮನೆಗೆ ಕಾಲಿಟ್ಟಂದಿನಿಂದ ಒಂದು ದಿನವೂ ನೇಮ ತಪ್ಪಿದವಳಲ್ಲ ಎಂದು ಊರೇ ಹೇಳುತ್ತಿತ್ತು. ಅವಳೂ ಹೇಳಿಕೊಳ್ಳುತ್ತಿದ್ದಳು.

ಐವತ್ತರ ದಶಕದ ನಡುವೆ ನನಗೆ ಮದುವೆಯಾಯಿತು. ನನ್ನ ಗಂಡ ಸಾಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇನ್ನು ಮುಂದೆ ನಾನು ‘ಇವರು’ ಎಂದು ಬರೆದರೆ ಅವರೇ ಎಂದು ತಿಳಿಯಬೇಕು. ಬೇರೆ ಹೇಗೂ ಕರೆದು ಅಭ್ಯಾಸವಿಲ್ಲ. ಇವರೂ ಜೈನರೇ, ಆದರೆ ಹಾಸ್ಟೆಲಿನಲ್ಲಿದ್ದು ಓದಿದವರಾದ್ದರಿಂದ ಊಟದ ಹೊತ್ತಿನ ವಿಷಯದಲ್ಲಿ ಸ್ವಲ್ಪ ಸಡಿಲ. ಮಾತು ಕಡಿಮೆ. ಪಾಠದ ವಿಷಯ ಬಂದರೆ ಮಾತ್ರ ಕಟ್ಟೆಯೊಡೆದ ಹಾಗೆ.

ಆ ವರ್ಷದ ದೀಪಾವಳಿಗೆ ಹೊಸ ಅಳಿಯನೆಂದು ಇವರನ್ನು ಹೊಸನಗರಕ್ಕೆ ಕರೆಸಿದರು. ಎಣ್ಣೆಸ್ನಾನವಾಯಿತು, ಹೊಸ ಪಂಚೆ ಉಟ್ಟದ್ದಾಯಿತು, ಅಮ್ಮನ ಕೈಯ ಹೋಳಿಗೆ ತಿಂದದ್ದೂ ಆಯಿತು. ಇಷ್ಟಾದರೂ ಇವರ ಬಾಯಿಂದ ಹೊರಟ ಮಾತು ‘ಸಾಕು’ ಎಂಬುದೊಂದೇ. ಸಂಜೆ ಜಗಲಿಯಲ್ಲಿ ಸಾಲಾಗಿ ಎಲೆ ಹಾಕಿದಾಗ ಅಜ್ಜಿಯೇ ಮಾತೆತ್ತಿದಳು.

“ಅಳಿಯಂದಿರು ಶಾಲೇಲಿ ಎಂತ ಕಲಿಸ್ತೀರಿ?”

“ವಿಜ್ಞಾನ ಅಜ್ಜಿ. ಈಗ ಬೆಳಕಿನ ಪಾಠ ನಡೀತಿದೆ.”

“ಬೆಳಕನ್ನೂ ಕಲಿಸ್ಬೇಕಾ ಮಾರಾಯ್ರೆ? ಕಣ್ಣು ಬಿಟ್ರೆ ಆಯ್ತಲ್ಲ!”

ಎಲ್ಲರೂ ನಕ್ಕೆವು. ಇವರೂ ನಕ್ಕರು. ನಗು ಬಂದದ್ದೇ ಸಂಕೋಚ ಹೋಯಿತು. ಎದುರಿಗೆ ಸೂರ್ಯ ಗುಡ್ಡದ ಮೇಲೆ ಕೂತಿದ್ದ. ಇವರು ಎಡಗೈಯಿಂದ ಅತ್ತ ತೋರಿಸಿ ಹೇಳಿದರು: “ನೋಡಿ ಅಜ್ಜಿ, ಆ ಬೆಳಕು ಸೂರ್ಯನಿಂದ ಹೊರಟು ನಮ್ಮ ಕಣ್ಣಿಗೆ ಬರೋಕೆ ಎಂಟು ನಿಮಿಷದ ಮೇಲೆ ಬೇಕು. ನಾವೀಗ ನೋಡ್ತಿರೋದು ಎಂಟು ನಿಮಿಷದ ಹಿಂದಿನ ಸೂರ್ಯನ್ನ. ಲೆಕ್ಕ ಹಾಕಿದ್ರೆ ನಿಜವಾದ ಸೂರ್ಯ ಈಗಾಗ್ಲೇ ಮುಳುಗಿ ಆಗಿದೆ!”

ಅಜ್ಜಿಯ ಕೈ ಎಲೆಗೂ ಬಾಯಿಗೂ ನಡುವೆ ನಿಂತಿತು. ಅವಳು ಸೂರ್ಯನನ್ನು ನೋಡಿದಳು, ಎಲೆಯನ್ನು ನೋಡಿದಳು. ಎಲೆಯಲ್ಲಿ ಕಲಸಿದ ಮಜ್ಜಿಗೆಯನ್ನವಿತ್ತು, ಅಂಚಿನಲ್ಲಿ ಅರ್ಧ ಹಪ್ಪಳವಿತ್ತು. ತುತ್ತನ್ನು ಮೆಲ್ಲಗೆ ಎಲೆಗೆ ಇಳಿಸಿದಳು.

“ಅತ್ತೇ, ಅವರು ತಮಾಷೆಗೆ ಹೇಳಿದ್ದು,” ಎಂದಳು ಅಮ್ಮ.

“ತಮಾಷೆಯಾ ಅಳಿಯಂದ್ರೆ, ಸತ್ಯವಾ?”

ವಿಜ್ಞಾನದ ಮೇಷ್ಟ್ರು ಸುಳ್ಳು ಹೇಳುವುದುಂಟೆ? “ಎಂಟು ನಿಮಿಷ ಅನ್ನೋದು ಸತ್ಯವೇ ಅಜ್ಜಿ,” ಎಂದುಬಿಟ್ಟರು. ಅಜ್ಜಿ ಎಲೆ ಮಡಿಚಿ ಎದ್ದಳು. ಅಳಿಯ ಬಾಯಿಬಿಡಲಿ ಎಂದು ಬೆಳಗಿನಿಂದ ಕಾದಿದ್ದ ಅಮ್ಮ, ಯಾಕಾದರೂ ಬಿಟ್ಟರೋ ಎನ್ನುವ ಹಾಗೆ ನನ್ನ ಮುಖ ನೋಡಿದಳು.

ಮಾರನೆಯ ಬೆಳಿಗ್ಗೆ ಅಜ್ಜಿಯೇ ಉಪಾಯ ಹುಡುಕಿದ್ದಳು. ಎಂಟು ನಿಮಿಷ ಮುಂಚೆ ಮುಗಿಸಿದರೆ ಆಯಿತಲ್ಲ! ಅಂದು ಸಂಜೆ ಅಪ್ಪನ ಗಡಿಯಾರ ಹಿಡಿದು ನೆರಳು ಎಲ್ಲಿ ಬರುತ್ತದೆಂದು ನೋಡಿ, ಅಂಗಳದಲ್ಲಿ ಒಂದು ಬಿಳಿಕಲ್ಲು ಊರಿಸಿದಳು. ಇನ್ನು ಮುಂದೆ ಬಾವಿಕಟ್ಟೆಯಲ್ಲ, ಬಿಳಿಕಲ್ಲು ಎಂದಳು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ನಮ್ಮಪ್ಪ ಸುಮ್ಮನಿದ್ದಿದ್ದರೆ.

ಅಪ್ಪ ಮಿಡ್ಲ್‌ಸ್ಕೂಲಿನ ಹೆಡ್‌ಮಾಸ್ತರಾಗಿದ್ದು ನಿವೃತ್ತರಾದವರು. ಅವರ ಕಾಲದಲ್ಲಿ ಲೆಕ್ಕ, ಭೂಗೋಳ, ವಿಜ್ಞಾನ ಎಲ್ಲವನ್ನೂ ಅವರೇ ಕಲಿಸಿದ್ದರು. ಅಳಿಯ ಹೇಳಿದ ಎಂಟು ನಿಮಿಷ ಸರಿಯೇ ಎಂದು ತಾಳೆ ನೋಡಲು ತಾವು ಓದಿದ ಕಾಲದ ಹಳೇ ಪುಸ್ತಕವನ್ನು ಅಟ್ಟದಿಂದ ಇಳಿಸಿದರು. ಅದರಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಒಂದು ಲಕ್ಷದ ಎಂಬತ್ತಾರು ಸಾವಿರದ ಮುನ್ನೂರ ಮೂವತ್ತು ಮೈಲಿ ಎಂದಿತ್ತು.

“ಇನ್ನೂರ ಎಪ್ಪತ್ತೊಂದಲ್ವಾ ಮಾವ?” ಎಂದರು ಇವರು. “ನಮ್ಮ ಕಾಲೇಜಿನ ಪುಸ್ತಕದಲ್ಲಿ ಒಂದು ಲಕ್ಷದ ಎಂಬತ್ತಾರು ಸಾವಿರದ ಇನ್ನೂರ ಎಪ್ಪತ್ತೊಂದು ಅಂತಿತ್ತು.”

“ಇಲ್ಲ ಇಲ್ಲ. ನಾನು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡ್ಸಿದೀನಿ. ಮುನ್ನೂರ ಮೂವತ್ತು.”

“ಅದು ಹಳೇ ಲೆಕ್ಕ ಇರ್ಬೇಕು ಮಾವ.”

“ಹಳೇದಾದ್ರೆ ತಪ್ಪು ಅಂತ್ಲಾ?”

“ತಪ್ಪು ಅಂದಿಲ್ಲ. ಈಗಿನದು ಬೇರೆ ಅಂದೆ.”

“ಐವತ್ತೊಂಬತ್ತು ಮೈಲಿ ಅಂತರ ಬರ್ತದಲ್ರೀ! ಇಲ್ಲಿಂದ ಸಾಗರಕ್ಕೆ ಹೋಗಿ, ಕಾಫಿ ಕುಡಿದು, ವಾಪಸ್ಸು ಬಂದ್ರೂ ಮೈಲಿ ಮಿಗ್ತದೆ. ಅಷ್ಟು ದೂರ ಎಲ್ಲಿ ಹೋಯ್ತು?”

ಬಾವಿಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಸೊಪ್ಪಿನ ಮೊರವನ್ನು ಬದಿಗಿಟ್ಟು ಎದ್ದು ಬಂದಳು.

“ನಿನ್ನ ಕಾಲದಲ್ಲಿ ಜಾಸ್ತಿ ಓಡ್ತಿತ್ತು, ಇವರ ಕಾಲಕ್ಕೆ ಕಡಿಮೆ ಓಡ್ತಿದೆ. ಹಾಗೇ ಅಲ್ವನಾ?” ಎಂದು ಅಪ್ಪನನ್ನು ಕೇಳಿದಳು.

“ಹಾಗಲ್ಲ ಅಮ್ಮ...”

“ಹಾಗಲ್ಲ ಅಂದ್ರೆ ಹೇಗೆ? ಇಬ್ರೂ ಪುಸ್ತಕ ನೋಡೇ ಹೇಳ್ತಿದೀರಿ. ಅಂದ್ರೆ ಬೆಳಕು ವರ್ಷದಿಂದ ವರ್ಷಕ್ಕೆ ನಿಧಾನ ಆಗ್ತಿದೆ. ಎತ್ತಿನಗಾಡಿ ಹೋಗಿ ಬಸ್ಸು ಬಂತು, ಎಲ್ಲ ಜೋರಾಯ್ತು. ಪಾಪ, ಸೂರ್ಯನಿಗೆ ಮಾತ್ರ ವಯಸ್ಸಾಯ್ತು. ಹಾಗಾದ್ರೆ ನಾನು ಊರಿದ ಕಲ್ಲು ಈ ವರ್ಷಕ್ಕೆ ಸರಿ. ಬರೋ ವರ್ಷ ಎಲ್ಲಿ ಊರ್ಲಿ?”

ಇವರು ಹತ್ತಿರ ಹೋಗಿ, ಆ ಐವತ್ತೊಂಬತ್ತು ಮೈಲಿಯಿಂದ ಆಗುವ ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟೂ ಇಲ್ಲ ಎಂದು ವಿವರಿಸಿದರು. ಅಜ್ಜಿ ತಾಳ್ಮೆಯಿಂದ ಕೇಳಿದಳು. “ನೇಮದಲ್ಲಿ ಚೂರುಪಾರು ಅಂತ ಇಲ್ಲ ಅಳಿಯಂದ್ರೆ. ಒಂದು ಚೂರು ತಪ್ಪಿದ್ರೂ ತಪ್ಪೇ,” ಎಂದಳು. ಆಮೇಲೆ ಬಸದಿಯ ದಿಕ್ಕಿಗೆ ತಿರುಗಿ ಕೈಮುಗಿದು, ನಮ್ಮೆಲ್ಲರ ಎದುರಿಗೇ ಗಟ್ಟಿಯಾಗಿ ನುಡಿದಳು: “ಈ ಮಾವ ಅಳಿಯ ಇಬ್ರ ಪುಸ್ತಕಾನೂ ಬೆಳಕಿನ ವಿಷಯದಲ್ಲಿ ಒಂದೇ ಮಾತು ಹೇಳೋ ತನಕ ನನಗೆ ಸಂಜೆಯೂಟ ಬೇಡ.”

ಅಮ್ಮ ಕೈಯಲ್ಲಿದ್ದ ಸೌಟನ್ನು ಅಲ್ಲೇ ಕುಕ್ಕಿದಳು. ಅಜ್ಜಿಯ ಬಾಯಿಂದ ನೇಮ ಹೊರಟಿತೆಂದರೆ ಅದನ್ನು ತಿರುಗಿಸುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅಜ್ಜಿಗೂ ಇರಲಿಲ್ಲ.

ನಾವು ಸಾಗರಕ್ಕೆ ಬಂದೆವು. ತವರಿನ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಯಾರಾದರೂ ಹೊಸನಗರದವರು ಪೇಟೆಗೆ ಬಂದರೆ ನಮ್ಮ ಮನೆಗೂ ಬಂದು, ಅಮ್ಮ ಕೊಟ್ಟ ಬಾಳೆಗೊನೆಯ ಜೊತೆಗೆ ಅಜ್ಜಿಯ ಸುದ್ದಿಯನ್ನೂ ಇಳಿಸುತ್ತಿದ್ದರು. ಅಜ್ಜಿಗೆ ಕಾಯಿಲೆಯಿಲ್ಲ, ಮಧ್ಯಾಹ್ನದ ಊಟ ಗಟ್ಟಿಯಾಗಿಯೇ ನಡೆಯುತ್ತಿದೆ. ಆದರೆ ಸಂಜೆ ಒಂದು ಲೋಟ ಸೋಸಿದ ನೀರು ಕುಡಿದು ಗುಡ್ಡಕ್ಕೆ ಬೆನ್ನು ಹಾಕಿ ಕೂರುತ್ತಾಳೆ. ಮೈ ಸ್ವಲ್ಪ ಇಳಿದಿದೆ, ನಾಲಿಗೆ ಸ್ವಲ್ಪ ಏರಿದೆ. ಉಳಿದವರು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಕಳ್ಳರ ಹಾಗೆ ಉಣ್ಣುತ್ತಾರೆ. ಹಪ್ಪಳ ಸುಡುವುದನ್ನು ಅಮ್ಮ ನಿಲ್ಲಿಸಿಬಿಟ್ಟಿದ್ದಾಳೆ. ಅದರ ವಾಸನೆ ಬಂದರೆ ಅಜ್ಜಿ ಜಗಲಿಯಿಂದಲೇ, “ಯಾರ ಮನೇಲೋ ಹಪ್ಪಳ ಸುಡ್ತಿದಾರೆ, ಪುಣ್ಯವಂತರು,” ಎನ್ನುತ್ತಾಳಂತೆ.

ಇವರಿಗೆ ಇದನ್ನು ಹೀಗೇ ಬಿಡಲಾಗಲಿಲ್ಲ. ಶಾಲೆಯ ಪುಸ್ತಕದ ಕಪಾಟನ್ನೆಲ್ಲ ಜಾಲಾಡಿದರು. ಒಂದು ಪುಸ್ತಕದಲ್ಲಿ ಬರೀ ಒಂದು ಲಕ್ಷದ ಎಂಬತ್ತಾರು ಸಾವಿರ ಎಂದಿತ್ತು. ಅದು ಕೆಳಗಿನ ತರಗತಿಯ ಮಕ್ಕಳಿಗೆ ಎಂದು ಮುಚ್ಚಿಟ್ಟರು. ಸಾಗರ ಹೊಸನಗರದ ಬಸ್ಸಿನ ಕಂಡಕ್ಟರನಿಗೂ ವಿಷಯ ತಿಳಿದುಹೋಗಿತ್ತು. ನಾವು ಬಸ್ಸು ಹತ್ತಿದರೆ ಸಾಕು, “ಏನ್ ಮೇಷ್ಟ್ರೇ, ಬೆಳಕು ಎಲ್ಲಿಗೆ ಬಂತು? ನಮ್ಮ ಬಸ್ಸಿಗಿಂತ ಲೇಟಾ?” ಎಂದು ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ವಿಚಾರಿಸುವನು. ಇವರು ಕಿಟಕಿಯ ಕಡೆ ಮುಖ ಮಾಡುವರು.

ಬೇಸಿಗೆ ರಜೆಯಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆಂದು ಒಂದು ತರಬೇತಿ ನಡೆಯಿತು. ಅಲ್ಲಿಂದ ಬಂದವರೇ ಇವರು ಚೀಲವನ್ನೂ ಇಳಿಸದೆ ನನ್ನನ್ನು ಕರೆದರು. “ನಿಮ್ಮಜ್ಜಿ ಹೇಳಿದ್ದು ಹುಚ್ಚುಮಾತಲ್ಲ ಕಣೇ! ದೊಡ್ಡ ದೊಡ್ಡ ವಿದ್ವಾಂಸರೇ ಹಾಗೆ ಯೋಚನೆ ಮಾಡಿದ್ರಂತೆ. ಹಳೇ ಅಳತೆಗಳನ್ನ ಸಾಲಾಗಿಟ್ಟು ನೋಡಿ, ಬೆಳಕು ನಿಜವಾಗ್ಲೂ ನಿಧಾನ ಆಗ್ತಿರಬಹುದು ಅಂತ ಒಬ್ರು ಬರೆದೂ ಬರೆದ್ರಂತೆ.”

“ಹಾಗಾದ್ರೆ ಅಜ್ಜಿ ಗೆದ್ಳಾ?”

“ಇಲ್ಲ. ಆಮೇಲೆ ಹೊಸ ಹೊಸ ಯಂತ್ರ ಇಟ್ಟು ಅಳೆದ್ರು. ಈಗ ಇನ್ನೂರ ಎಂಬತ್ತೆರಡು ಅಂತಿದಾರೆ. ಹನ್ನೊಂದು ಮೈಲಿ ಮೇಲಕ್ಕೇ ಬಂದಿದೆ. ನಿಧಾನ ಆಗ್ತಿದ್ರೆ ಮೇಲೆ ಹೇಗೆ ಬರುತ್ತೆ? ಬೆಳಕು ಇದ್ದ ಹಾಗೇ ಇದೆ, ನಾವು ಅಳೆಯೋದ್ರಲ್ಲಿ ಹೆಚ್ಚುಕಡಿಮೆ ಆಗಿದೆ ಅನ್ನೋದೇ ಹೆಚ್ಚಿನವರ ಅಭಿಪ್ರಾಯ.”

ನಾನು ಬೆರಳು ಮಡಿಚಿ ಎಣಿಸಿದೆ. ಅಪ್ಪನದೊಂದು, ಇವರದೊಂದು, ಈಗ ಹೊಸದೊಂದು. ಇದರಿಂದ ಅಜ್ಜಿಯ ಊಟ ಹತ್ತಿರ ಬಂದಿತೋ ದೂರ ಹೋಯಿತೋ ನನಗೆ ತಿಳಿಯಲಿಲ್ಲ.

ಜೂನಿನಲ್ಲಿ ಇವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಪಾತ್ರೆಪಡಗ ಕಟ್ಟಿಕೊಂಡು ಹೋಗುವ ದಾರಿಯಲ್ಲಿ ಹೊಸನಗರದಲ್ಲಿ ಇಳಿದೆವು. ಹೊಸ ಅಂಕಿ ಕೇಳಿ ಅಪ್ಪನ ಮುಖ ಅರಳಿತು.

“ನೋಡಿದ್ರಾ? ಕಡೆಗೂ ನನ್ನ ಕಡೆಗೇ ಬರ್ತಿದೆ!”

“ಹನ್ನೊಂದು ಮೈಲಿ ಬಂದಿದೆ ಮಾವ. ನಿಮ್ಮಲ್ಲಿಗೆ ಇನ್ನೂ ನಲವತ್ತೆಂಟಿದೆ.”

“ಬರ್ತದೆ, ಬರ್ತದೆ. ಅವಸರ ಎಂತ?”

“ಸಾಗರದಲ್ಲಿದ್ದಾಗ ಒಂದು ಲೆಕ್ಕ, ತೀರ್ಥಹಳ್ಳಿಗೆ ಹೊರಟ್ರೆ ಇನ್ನೊಂದು ಲೆಕ್ಕ,” ಎಂದಳು ಅಜ್ಜಿ. “ಊರಿಗೊಂದು ಬೆಳಕಾ ಮಾರಾಯ್ರೆ?”

ಅಮ್ಮ ಒಳಗಿನಿಂದಲೇ ಸೇರಿಸಿದಳು: “ಸೇರು ಇಲ್ವಾ ಅತ್ತೆ, ಹಾಗೇ. ನಮ್ಮನೆ ಸೇರಲ್ಲಿ ಅಳೆದು ಕಳಿಸಿದ ಅಕ್ಕಿ ಇವಳು ಸಾಗರದ ಸೇರಲ್ಲಿ ಅಳೆದ್ರೆ ಒಂದು ಹಿಡಿ ಕಡಿಮೆ ಬಂತು ಅಂದಿದ್ಳು. ದಾರೀಲಿ ಅಕ್ಕಿ ಸಣ್ಣ ಆಯ್ತಾ?”

“ಯಾವ ಸೇರು ಸರಿ ಹಾಗಾದ್ರೆ?” ಎಂದು ಕೇಳಿದಳು ಅಜ್ಜಿ. ಅಮ್ಮ ತಮ್ಮದೇ ಎಂದಳು. ನನ್ನ ಅತ್ತೆ ಅಲ್ಲಿದ್ದಿದ್ದರೆ ಸಾಗರದ್ದೇ ಎನ್ನುತ್ತಿದ್ದರು. ಮಾತು ಅಲ್ಲಿಗೆ ನಿಂತಿತು. ಸಂಜೆ ಅಜ್ಜಿ ನೀರು ಕುಡಿದು ಗುಡ್ಡಕ್ಕೆ ಬೆನ್ನು ಹಾಕಿ ಕೂತಳು. ಅವಳ ರವಿಕೆಯ ತೋಳು ಸಡಿಲವಾಗಿರುವುದನ್ನು ನಾನು ಅಂದು ಕಂಡೆ. ಇವರೂ ಕಂಡರು.

ಮತ್ತೆ ದೀಪಾವಳಿ ಬಂತು. ಅಳಿಯ ಹಳಬನಾಗಿದ್ದರೂ ಅಪ್ಪ ಕರೆಕಳಿಸಿದ್ದರು. ನಾವು ಹೋಗಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಬಿಸಿಲು ಹದವಾಗಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು.

ಆ ಮನೆಯ ಹಿತ್ತಿಲಿಗೆ ಗುಡ್ಡದ ಒರತೆಯಿಂದ ನೀರು ಬರುತ್ತಿತ್ತು. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ಒಂದರ ಬಾಯಿಗೆ ಒಂದು ಜೋಡಿಸಿದ ದಂಬೆ. ಒರತೆಯಲ್ಲಿ ಹೊರಟ ನೀರು ಆ ದಂಬೆಗಳ ಮೇಲೆ ಹರಿದು ಬಂದು ನಮ್ಮ ಬಚ್ಚಲ ಪಕ್ಕದಲ್ಲಿ ಬೀಳುತ್ತಿತ್ತು. ನೀರು ಸೋಸಲು ಬಾಯಿಗೆ ಬಟ್ಟೆ ಕಟ್ಟಿದ ಕೊಡವನ್ನು ನಾನು ಅದರ ಕೆಳಗೆ ಇಟ್ಟಿದ್ದೆ. ಇವರು ಕಾಲು ತೊಳೆಯಲು ಬಂದು ನಿಂತಿದ್ದರು. ಕೊಡ ತುಂಬಿತು, ನಾನು ಎಳೆದುಕೊಂಡೆ. ನೀರು ಕೊಡ ಬಿಟ್ಟು ಕಲ್ಲಿನ ಮೇಲೆ ಬಿತ್ತು.

“ಇನ್ನೊಂದ್ಸಲ ಇಡು,” ಎಂದರು.

“ತುಂಬಿದೆ.”

“ಚೆಲ್ಲಿ ಇಡು ಮಾರಾಯ್ತಿ.”

ಹಬ್ಬದ ದಿನ ಗಂಡನ ಹತ್ತಿರ ಚರ್ಚೆ ಬೇಡವೆಂದು ಚೆಲ್ಲಿ ಇಟ್ಟೆ. ಎಳೆ ಎಂದರು, ಎಳೆದೆ. ಇಡು ಎಂದರು, ಇಟ್ಟೆ. ಪಂಚೆ ಒದ್ದೆಯಾಗುತ್ತಿರುವುದೂ ತಿಳಿಯದೆ ದಂಬೆಯನ್ನೂ ಕೊಡವನ್ನೂ ನೋಡುತ್ತ ನಿಂತರು. ಆಮೇಲೆ ಒದ್ದೆ ಕಾಲಿನಲ್ಲೇ ಜಗಲಿಗೆ ಓಡಿದರು. “ಅಜ್ಜಿ! ಸ್ವಲ್ಪ ಹಿತ್ತಿಲಿಗೆ ಬನ್ನಿ. ನಾನು ಹೇಳಿದ್ದು ತಪ್ಪು!”

ತಪ್ಪು ಎಂಬ ಮಾತು ಕೇಳಿ ಅಪ್ಪನೂ ಹಿಂದೆಯೇ ಬಂದರು.

“ನೋಡಿ ಅಜ್ಜಿ,” ಎಂದರು ಇವರು. “ಆ ಒರತೆ ಸೂರ್ಯ. ಈ ನೀರು ಬೆಳಕು. ಕೊಡ ನಮ್ಮ ಅಂಗಳ. ಮೇಲಿಂದ ಹೊರಟ ನೀರು ಇಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ ಅಲ್ವಾ? ಈಗ ಕೊಡ ಎಳೀರಿ. ಕೊಡಕ್ಕೆ ನೀರು ಬೀಳೋದು ಯಾವಾಗ ನಿಲ್ತು?”

“ಎಳೆದ ಕೂಡ್ಲೇ.”

“ದಾರೀಲಿ ನೀರು ಇದ್ದೇ ಇತ್ತಲ್ಲ?”

“ಇದ್ರೆ? ಕೊಡ ಇಲ್ವಲ್ಲ ಮಾರಾಯ್ರೆ, ಬೀಳೋದು ಎಲ್ಲಿಗೆ?”

“ಅಷ್ಟೇ ಅಜ್ಜಿ! ಸೂರ್ಯ ಎಲ್ಲಿಗೂ ಹೋಗಿ ಮುಳುಗಲ್ಲ. ಅವನು ಅಲ್ಲೇ ಇರ್ತಾನೆ, ಬೆಳಕು ಬರ್ತಾನೇ ಇರುತ್ತೆ. ತಿರುಗೋದು ನಮ್ಮ ಭೂಮಿ. ನಾವು ಆಚೆ ತಿರುಗಿದ ಕ್ಷಣ ನಮಗೆ ಹೊತ್ತು ಮುಳುಗ್ತು. ಕಣ್ಣಿಗೆ ಕಾಣೋ ತನಕ ಸೂರ್ಯ ಇದ್ದಾನೆ ಅಂತಲೇ ಲೆಕ್ಕ. ನಿಮ್ಮ ಎಂಟು ನಿಮಿಷ ಎಲ್ಲೂ ಕಳೆದಿಲ್ಲ.”

ಅಪ್ಪ ಹುಬ್ಬು ಗಂಟಿಕ್ಕಿ, ಗಲ್ಲ ಕೆರೆದು, “ಹೌದು. ಇದು ನನಗೂ ಹೊಳೀಲಿಲ್ಲವಲ್ಲ,” ಎಂದರು.

ಆದರೆ ಅಜ್ಜಿ ಬಾಯಿಮಾತಿಗೆ ಒಪ್ಪುವವಳಲ್ಲ. “ಬೆಳಕು ನಿಧಾನ ಆಗಿದ್ರೆ?” ಎಂದಳು. “ನೀನು ಮೇಲೆ ಹೋಗಿ ನೀರು ನಿಧಾನ ಮಾಡೋ,” ಎಂದು ಅಪ್ಪನನ್ನು ಗುಡ್ಡ ಹತ್ತಿಸಿದಳು. ನಿವೃತ್ತ ಹೆಡ್‌ಮಾಸ್ತರು ಹಬ್ಬದ ಪಂಚೆ ಎತ್ತಿಕಟ್ಟಿ ಒರತೆಯ ಬಾಯಿಗೆ ಸೊಪ್ಪು ಅಡ್ಡ ಇಟ್ಟರು. ದಂಬೆಯಲ್ಲಿ ನೀರು ಮೆಲ್ಲನೆ ಜಾರಿತು. ಅಜ್ಜಿ ಕೊಡ ಇಟ್ಟಳು, ಎಳೆದಳು. ಎಳೆದ ಕ್ಷಣಕ್ಕೇ ಕೊಡಕ್ಕೆ ಬೀಳುವುದು ನಿಂತಿತು. “ಈಗ ಜೋರು ಬಿಡೋ!” ಎಂದು ಕೂಗಿದಳು. ನೀರು ನುಗ್ಗಿ ಬಂತು. ಇಟ್ಟಳು, ಎಳೆದಳು. ಆಗಲೂ ಹಾಗೇ.

ಅವಳು ಸೊಂಟದ ಮೇಲೆ ಕೈಯಿಟ್ಟು ಇವರನ್ನೇ ನೋಡಿದಳು. “ಹಾಗಾದ್ರೆ ನಿಮ್ಮ ಬೆಳಕು ಜೋರಾದ್ರೂ ನಿಧಾನ ಆದ್ರೂ ನನ್ನ ಊಟಕ್ಕೆ ಎಂತದೂ ಇಲ್ಲ.”

“ಎಂತದೂ ಇಲ್ಲ ಅಜ್ಜಿ.”

“ಇಷ್ಟು ವರ್ಷದ ನನ್ನ ನೇಮ?”

“ಒಂದು ದಿನವೂ ತಪ್ಪಿಲ್ಲ.”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖದ ಮೇಲೆ ದಂಬೆಯ ನೀರು ಸಿಡಿದಿತ್ತು. ಒರೆಸಿದ್ದು ಅದನ್ನು ಮಾತ್ರವೋ ಏನೋ ನಾನು ಕೇಳಲಿಲ್ಲ. “ಇದನ್ನ ಹೋದ ವರ್ಷ ಹೇಳೋಕೆ ಎಂತ ಆಗಿತ್ತು ನಿಮಗೆ?” ಎಂದಳು.

“ಹೋದ ವರ್ಷ ಗೊತ್ತಿರ್ಲಿಲ್ಲ.”

“ಗೊತ್ತಿಲ್ದೇನೇ ಪಾಠ ಮಾಡ್ತೀರಾ? ಮಕ್ಕಳ ಗತಿ!”

ಅಮ್ಮ ಆಗಲೇ ಅಡುಗೆಮನೆಗೆ ಓಡಿದ್ದಳು. ವರ್ಷದ ಮೇಲೆ ಮೊದಲ ಸಲ ಹಪ್ಪಳ ಸುಡುವ ವಾಸನೆ ಬಾಗಿಲು ತೆರೆದುಕೊಂಡೇ ಹೊರಗೆ ಬಂತು. ನಾನು ಅಜ್ಜಿಯ ಎಲೆ ಹಾಕಿ ಕಂಬದ ಹತ್ತಿರ ಮಣೆ ಇಟ್ಟೆ. ಅಜ್ಜಿ ಬಂದಳು, ಎಲೆ ನೋಡಿದಳು, ಕೂರಲಿಲ್ಲ.

“ಪುಸ್ತಕದ ವಿಷಯ?” ಎಂದಳು.

ನಮಗೆಲ್ಲ ಅದು ಮರೆತೇಹೋಗಿತ್ತು. ಅಜ್ಜಿ ಆಡಿದ ನೇಮ ಎಂಟು ನಿಮಿಷದ್ದಲ್ಲ. ಎರಡು ಪುಸ್ತಕ ಒಂದೇ ಮಾತು ಹೇಳುವ ತನಕ ಎಂದಿದ್ದಳು. ಲೆಕ್ಕ ತಪ್ಪೆಂದು ಗೊತ್ತಾದ ಮೇಲೂ ಆಡಿದ ಮಾತು ಮಾತೇ. ಅಂಗಳದಲ್ಲಿ ಕೊಟ್ಟಿಗೆ ಮಾಡಿನ ನೆರಳು ಬಿಳಿಕಲ್ಲನ್ನು ದಾಟಿ ಬಾವಿಕಟ್ಟೆಯತ್ತ ಹೊರಟಿತ್ತು.

“ಬೇಗ ಒಂದೇ ಮಾತು ಹೇಳಿಬಿಡಿ ಇಬ್ರೂ,” ಎಂದಳು ಅಮ್ಮ, ಅನ್ನದ ಪಾತ್ರೆ ಹಿಡಿದುಕೊಂಡೇ.

“ಇವರು ಮುನ್ನೂರ ಮೂವತ್ತು ಅಂತ ಒಪ್ಪಿಕೊಳ್ಳಲಿ,” ಎಂದರು ಅಪ್ಪ.

“ಒಪ್ಪಬಹುದು ಮಾವ, ಆದ್ರೆ ಅದು ಸರಿಯಲ್ಲ.”

“ನಿಮ್ಮದಾದ್ರೂ ಸರಿಯಾ? ನೀವೇ ಹನ್ನೊಂದು ಮೈಲಿ ಮೇಲೆ ಬಂದ್ರಿ!”

“ಅದಕ್ಕೇ ನಾನು ಇನ್ನೂರ ಎಪ್ಪತ್ತೊಂದನ್ನ ಬಿಟ್ಟೆ. ನೀವೂ ಬಿಡಿ.”

“ನಾನು ಯಾಕೆ ಬಿಡ್ಲಿ? ನಾಳೆ ಇನ್ನೊಂದು ಯಂತ್ರ ಬಂದು ನನ್ನದೇ ಸರಿ ಅಂದ್ರೆ?”

“ಅನ್ನಲಾರದು ಅಂತ ಹೇಳೋಕೆ ನನಗೂ ಬರಲ್ಲ,” ಎಂದರು ಇವರು ಮೆಲ್ಲಗೆ. ಅಪ್ಪನ ದನಿಯೂ ಇಳಿಯಿತು. ನೆರಳು ಬಾವಿಕಟ್ಟೆಯನ್ನು ಮುಟ್ಟಿತು. ಅಜ್ಜಿ ಕಂಬ ಹಿಡಿದು ನಿಂತೇ ಇದ್ದಳು. ಹಪ್ಪಳದ ಕಡೆ ಒಮ್ಮೆ ನೋಡಿ, ಬೇರೆ ಕಡೆ ನೋಡಿದಳು.

“ಅಳಿಯಂದಿರೇ,” ಎಂದರು ಅಪ್ಪ, “ಮುನ್ನೂರ ಮೂವತ್ತನ್ನ ಆಚೆಗಿಡಿ. ಅದರ ಹಿಂದೆ ನಿಮ್ಮ ಪುಸ್ತಕದಲ್ಲಿ ಎಷ್ಟಿದೆ?”

“ಒಂದು ಲಕ್ಷದ ಎಂಬತ್ತಾರು ಸಾವಿರ.”

“ನನ್ನದರಲ್ಲೂ ಒಂದು ಲಕ್ಷದ ಎಂಬತ್ತಾರು ಸಾವಿರ.”

“ಹೊಸದರಲ್ಲೂ ಅಷ್ಟೇ ಮಾವ!”

“ಅಮ್ಮಾ,” ಎಂದರು ಅಪ್ಪ ತಿರುಗಿ, ಶಾಲೆಯಲ್ಲಿ ಫಲಿತಾಂಶ ಓದುವ ದನಿಯಲ್ಲಿ, “ಒಂದು ಲಕ್ಷದ ಎಂಬತ್ತಾರು ಸಾವಿರ, ಚಿಲ್ಲರೆ. ನಮ್ಮಿಬ್ರ ಪುಸ್ತಕಾನೂ ಒಂದೇ ಮಾತು ಹೇಳ್ತವೆ.”

“ಹೋದ ವರ್ಷಾನೂ ಹೇಳ್ತಿದ್ವಾ?”

“ಹೇಳ್ತಿದ್ವು ಅಜ್ಜಿ,” ಎಂದು ಒಪ್ಪಿಕೊಂಡರು ಇವರು.

“ಹಾಗಾದ್ರೆ ನೀವಿಬ್ರೂ ಸೇರಿ ಒಂದು ವರ್ಷ ನನ್ನ ಹಪ್ಪಳ ತಪ್ಪಿಸಿದ್ದು ಬರೀ ಚಿಲ್ಲರೆಗೆ,” ಎಂದಳು ಅಜ್ಜಿ. ಬಸದಿಯ ದಿಕ್ಕಿಗೆ ಕೈಮುಗಿದು ಎಲೆಯ ಮುಂದೆ ಕೂತಳು. “ಬಡಿಸೇ. ಹೊತ್ತಿದೆ.”

ಅಮ್ಮ ಬಡಿಸಿದಳು. ಅಜ್ಜಿ ತಂಬುಳಿಯನ್ನು ಕಲಸಿ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅವಸರ ಮಾಡಲಿಲ್ಲ. ಅವಳ ಎರಡೂ ಪಕ್ಕಕ್ಕೆ ಮಾವ ಅಳಿಯ ಕೂತರು. ಅದು ಅಜ್ಜಿ ವಿಧಿಸಿದ ಶಿಕ್ಷೆ. ಹಪ್ಪಳವನ್ನು ಚೂರು ಮಾಡಿ ಅವಳ ಎಲೆಗೆ ಹಾಕುವ ಕೆಲಸ ಇವರದು, ಮಜ್ಜಿಗೆ ಬಡಿಸುವ ಕೆಲಸ ಅಪ್ಪನದು. ಸೂರ್ಯ ಗುಡ್ಡದ ಮೇಲೆ ಕೂತು ನೋಡುತ್ತಿದ್ದ. ಅವನ ಬೆಳಕು ಅಜ್ಜಿಯ ಎಲೆಯ ಮೇಲೆ, ಅನ್ನದ ಮೇಲೆ, ಸಡಿಲವಾದ ರವಿಕೆಯ ತೋಳಿನ ಮೇಲೆ ಬಿದ್ದಿತ್ತು.

“ಆದ್ರೂ ಒಂದು ಹೇಳಿ,” ಎಂದಳು ಅಜ್ಜಿ ತುತ್ತಿನ ನಡುವೆ. “ಅದು ನಿಜವಾಗ್ಲೂ ನಿಧಾನ ಆಗಿದೆಯಾ, ಇಲ್ವಾ?”

“ಆಗಿಲ್ಲ ಅಂತ ಕಾಣುತ್ತೆ ಅಜ್ಜಿ. ಅಳೆಯೋ ಸೇರು ಇನ್ನೂ ಸರಿ ಹೋಗ್ತಾ ಇದೆ. ಪೂರ್ತಿ ಸರಿಯಾದ ಮೇಲೆ ಗೊತ್ತಾಗ್ಬೇಕು.”

“ಗೊತ್ತಾದಾಗ ಹೇಳಿ. ಮಧ್ಯಾಹ್ನ ಬಂದು ಹೇಳಿ.”

ಅಪ್ಪ ಮಜ್ಜಿಗೆಯ ಪಾತ್ರೆಯನ್ನು ಬಗ್ಗಿಸುತ್ತ, ಯಾರಿಗೂ ಕೇಳಿಸದು ಎಂದುಕೊಂಡು, “ಆದರೂ ಮುನ್ನೂರ ಮೂವತ್ತೇ ಇರ್ಬೇಕು,” ಎಂದರು.

“ನಾನು ಕೈ ತೊಳೆಯೋ ತನಕ ಸುಮ್ನಿರೋ,” ಎಂದಳು ಅಜ್ಜಿ.